ಮೂರನೇ ಬೇಸ್ ಮುಂದಿನ ಹುಲ್ಲು

ಎಮಿಲ್ ಹ್ರುಸ್ಕಾ ಹೆಣ್ಣು ಕೇಳಿದ ರೀತಿಯನ್ನು ಮೊದಲು ಹೇಳಿಬಿಡುತ್ತೇನೆ. ಅಷ್ಟು ಹೇಳಿದರೆ ಆಸಾಮಿ ಎಂಥವನೆಂದು ಅರ್ಧ ಗೊತ್ತಾಗುತ್ತದೆ. ಲುಡ್ಮಿಲಾಳ ಮನೆ ಅವನ ಮನೆಯಿಂದ ನಾಲ್ಕು ಬೀದಿ ಆಚೆ ಇತ್ತು. ಎರಡು ಬೇಸಿಗೆ, ಪ್ರತಿ ಶನಿವಾರ, ಯಾರೂ ಕರೆಯದೆ ಹೋಗಿ ಅವಳ ಅಪ್ಪನ ಅಂಗಳದ ಹುಲ್ಲು ಕತ್ತರಿಸಿ ಬರುತ್ತಿದ್ದ. ದುಡ್ಡು ಕೊಟ್ಟರೆ ಬೇಡ ಅನ್ನುತ್ತಿದ್ದ. ನಿಂಬೆ ಶರಬತ್ತು ಕೊಟ್ಟರೆ ಕುಡಿದು, ಲೋಟ ಮೆಟ್ಟಿಲ ಮೇಲಿಟ್ಟು ನಡೆದುಬಿಡುತ್ತಿದ್ದ. ಕೊನೆಗೆ ಅವಳಪ್ಪನೇ ತಾಳ್ಮೆಗೆಟ್ಟು ಹೊರಗೆ ಬಂದು, “ಏನಯ್ಯಾ, ನಿನ್ ಕಣ್ಣು ನನ್ ಹುಲ್ಲಿನ ಮೇಲಿದ್ಯೋ, ಮಗಳ ಮೇಲಿದ್ಯೋ?” ಎಂದು ಕೇಳಿದನಂತೆ. ಎಮಿಲ್ ಬಹಳ ಹೊತ್ತು ಯೋಚಿಸಿ, “ಕಳೆ ಜಾಸ್ತಿ ಇದೆ, ಇನ್ನೂ ಒಂದ್ ವರ್ಷ ಬೇಕು” ಅಂದನಂತೆ. ಲುಡ್ಮಿಲಾ ಒಳಗಿನಿಂದ ಬಂದು ತಾನೇ ಮದುವೆಯ ದಿನ ಗೊತ್ತುಮಾಡಿದಳು. ಇದನ್ನು ಅವಳು ನನಗೆ ಹತ್ತು ಸಲವಾದರೂ ಹೇಳಿದ್ದಾಳೆ. ಹತ್ತು ಸಲವೂ ಎಮಿಲ್ ಪಕ್ಕದಲ್ಲೇ ಕೂತು, ಬೇರೆ ಯಾರದೋ ಕತೆ ಎಂಬಂತೆ ಕಾಫಿ ಕುಡಿಯುತ್ತಿದ್ದ.

ನಾನು ಕಾರ್ಮೆಲಾ. ಸರೋವರದ ದಂಡೆಯ ನಮ್ಮೂರಿನ ಬೇಸ್‌ಬಾಲ್ ತಂಡ ಡಾಕರ್ಸ್‌ನ ಮೈದಾನದಲ್ಲಿ ಎಮಿಲ್ ಕೈಕೆಳಗೆ ಇಪ್ಪತ್ತಾರು ವರ್ಷ ನೀರಿನ ಪೈಪು ಹಿಡಿದವಳು. ಪೈಪು ಹಿಡಿಯುವುದೂ ಒಂದು ಕೆಲಸವೇ ಎಂದು ನಗುವವರು ಬಂದು ಒಂದು ದಿನ ಹಿಡಿದು ನೋಡಲಿ. ಆಟಕ್ಕೆ ಇಪ್ಪತ್ತು ನಿಮಿಷ ಮುಂಚೆ ಮಣ್ಣು ಎಷ್ಟು ನೆನೆಯಬೇಕೆಂದು ಬೆರಳ ತುದಿಗೆ ಗೊತ್ತಾಗಬೇಕು. ನನಗೆ ಅದು ಗೊತ್ತಾಗಲು ನಾಲ್ಕು ವರ್ಷ ಹಿಡಿಯಿತು. ಎಮಿಲ್‌ಗೆ ಒಂದು ಬೇಸಿಗೆ ಸಾಕಾಗಿತ್ತಂತೆ. ಅವನಪ್ಪ ದುಡಿಯುತ್ತಿದ್ದ ಉಕ್ಕಿನ ಕಾರ್ಖಾನೆ ಮುಚ್ಚಿದ ವರ್ಷ, ಹತ್ತೊಂಬತ್ತರ ಹುಡುಗ ಮಳೆ ಬಂದಾಗ ಟಾರ್ಪಾಲು ಎಳೆಯುವ ಕೆಲಸಕ್ಕೆ ಸೇರಿಕೊಂಡ. ಮೂವತ್ತೈದನೇ ವಯಸ್ಸಿಗೆ ಇಡೀ ಮೈದಾನ ನೋಡಿಕೊಳ್ಳುವವರ ಯಜಮಾನನಾದ. ಆಮೇಲೂ ಮಳೆ ಬಂದರೆ ಟಾರ್ಪಾಲಿನ ಒಂದು ಮೂಲೆ ಅವನ ಕೈಯಲ್ಲೇ ಇರುತ್ತಿತ್ತು.

ಮೈದಾನ ಎಲ್ಲರಿಗೂ ಒಂದೇ ಎಂದು ನೋಡುವವರು ತಿಳಿದಿರುತ್ತಾರೆ. ಶುದ್ಧ ಸುಳ್ಳು. ನಮ್ಮ ಹುಡುಗರು ಓಟದಲ್ಲಿ ಚುರುಕಾಗಿದ್ದ ವರ್ಷ ನಾವು ಮಣ್ಣನ್ನು ಕುಟ್ಟಿ ಗಟ್ಟಿ ಮಾಡಿದ್ದೇವೆ. ಎದುರಾಳಿಗಳು ಚುರುಕಾಗಿದ್ದಾಗ, ಚೆಂಡು ಹೊಡೆದವನು ಓಡಿ ಮುಟ್ಟಬೇಕಾದ ಮೊದಲ ಬೇಸ್ ಪಕ್ಕ ಒಂದಿಷ್ಟು ನೀರು ಹೆಚ್ಚಾಗಿ ಚೆಲ್ಲಿದ್ದೇವೆ. ತೀರಾ ಕೆಸರು ಮಾಡದಿದ್ದರೆ ಯಾರೂ ಕೇಳುವುದಿಲ್ಲ. ಎಲ್ಲ ಊರಿನಲ್ಲೂ ಇದೇ ನಡೆಯುತ್ತದೆ, ನಮ್ಮವರು ಬೇರೆ ಊರಿಗೆ ಹೋದಾಗ ಅನುಭವಿಸುವುದೂ ಇದನ್ನೇ. ಹಾಗಾಗಿ ಮುಂದೆ ನಾನು ಹೇಳುವ ವಿಷಯದಲ್ಲಿ ಮೋಸ ಹುಡುಕಬೇಡಿ. ತಪ್ಪು ಇತ್ತು, ಆದರೆ ಅದು ಬೇರೆ ಕಡೆ ಇತ್ತು.

ಅನ್ಸೆಲ್ಮೊ ರಿವಾಸ್ ನಮ್ಮಲ್ಲಿಗೆ ಬಂದಾಗ ಅವನಿಗೆ ಇಪ್ಪತ್ತೆರಡು. ಬೆಚ್ಚನೆಯ ದ್ವೀಪದಿಂದ ಬಂದ ಡೊಮಿನಿಕನ್ ಹುಡುಗ, ನಮ್ಮ ಭಾಷೆ ಒಂದಕ್ಷರ ಬಾರದು, ಏಪ್ರಿಲ್‌ನಲ್ಲೂ ಇಲ್ಲಿ ಹಿಮ ಬೀಳುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಆಟ ಸಂಜೆ ಏಳಕ್ಕಿದ್ದರೆ ಬೆಳಿಗ್ಗೆ ಆರಕ್ಕೇ ಮೈದಾನಕ್ಕೆ ಬಂದುಬಿಡುತ್ತಿದ್ದ, ಬಾಡಿಗೆ ಮನೆಯಲ್ಲಿ ಒಬ್ಬನೇ ಇರಲಾಗದೆ. ಎಮಿಲ್ ಅವನ ಕೈಗೆ ಒಂದು ಕುಂಟೆ ಕೊಟ್ಟ. ಇಬ್ಬರೂ ಮಾತಿಲ್ಲದೆ ಮಣ್ಣು ಹರಗುವರು. ಒಬ್ಬನಿಗೆ ಭಾಷೆ ಬರುತ್ತಿರಲಿಲ್ಲ, ಇನ್ನೊಬ್ಬ ಬರುವ ಭಾಷೆಯನ್ನೂ ಬಳಸುತ್ತಿರಲಿಲ್ಲ. ಜೋಡಿ ಚೆನ್ನಾಗಿ ಹೊಂದಿತು. ಆಮೇಲೆ ನಮ್ಮ ಶೆಡ್ಡಿನಲ್ಲಿ ಕಾಫಿ. ಅವನ ತಾಯಿ ಊರಿನಿಂದ ಕಳಿಸಿದ ಪುಡಿ, ಲುಡ್ಮಿಲಾ ಮಾಡಿದ ಗಸಗಸೆ ತುಂಬಿದ ಸಿಹಿ ಬನ್ನು. ಹದಿನೈದು ವರ್ಷ ಈ ಕ್ರಮ ತಪ್ಪಲಿಲ್ಲ. ಅನ್ಸೆಲ್ಮೊ ಊರಿಗೇ ದೊಡ್ಡ ಹೆಸರಾದ, ಮನೆ ಕೊಂಡ, ವರ್ಷಕ್ಕೆ ಎರಡು ಕೋಟಿ ಡಾಲರ್ ಎಣಿಸಿಕೊಳ್ಳುವವನಾದ. ಆದರೂ ಬೆಳಿಗ್ಗೆ ಆರಕ್ಕೆ ಶೆಡ್ಡಿನ ಬಾಗಿಲಲ್ಲಿ, “ಏ ಮುದುಕಪ್ಪಾ, ಎದ್ದಿದ್ಯಾ ಸತ್ತಿದ್ಯಾ?” ಎಂಬ ಕೂಗು ಕೇಳಲೇಬೇಕು. ಮೊದಮೊದಲು ಎಮಿಲ್‌ಗೆ ಮುದುಕನಾಗುವ ವಯಸ್ಸೂ ಆಗಿರಲಿಲ್ಲ.

ಅನ್ಸೆಲ್ಮೊ ನಿಲ್ಲುತ್ತಿದ್ದದ್ದು ಮೂರನೇ ಬೇಸ್‌ನಲ್ಲಿ. ಬ್ಯಾಟಿನಿಂದ ಚೆಂಡು ಅತಿ ಜೋರಾಗಿ ಬರುವುದು ಆ ಮೂಲೆಗೆ. ನೆಲ ಹಿಡಿದು ಬರುವ ಚೆಂಡಿಗೆ ಬಾಗಿ, ತಡೆದು, ಹೊಡೆದವನು ಓಡಿ ಮುಟ್ಟುವ ಮುಂಚೆ ಮೈದಾನದ ಆ ತುದಿಯ ಮೊದಲ ಬೇಸ್‌ಗೆ ಎಸೆಯಬೇಕು. ಇಷ್ಟಕ್ಕೆ ಒಂದು ಉಸಿರಿನಷ್ಟೂ ಸಮಯವಿರುವುದಿಲ್ಲ. ಮೂವತ್ತಮೂರನೇ ವಯಸ್ಸಿನಲ್ಲಿ ಅವನ ಬಲಮೊಣಕಾಲಿಗೆ ಶಸ್ತ್ರಚಿಕಿತ್ಸೆ ಆಯಿತು. ವಾಪಸು ಬಂದ ಮೊದಲ ವಾರ ಎರಡು ಚೆಂಡು ಅವನ ಎಡಗಡೆಯಿಂದ ಸುಮ್ಮನೆ ದಾಟಿ ಹೋದವು. ಮರುದಿನ ಬೆಳಿಗ್ಗೆ ಶೆಡ್ಡಿನಲ್ಲಿ ಬನ್ನು ಮುರಿಯುತ್ತಾ, ತಿನ್ನದೆ, “ಇನ್ನೊಂದ್ ನಾಲ್ಕ್ ಹಿಂಗೇ ಹೋದ್ರೆ ನನ್ನ ಬೆಂಚ್ ಮೇಲೆ ಕೂರಿಸ್ತಾರೆ. ಬೆಂಚ್ ಮೇಲೆ ಕೂತು ನಾನೇನ್ ಮಾಡ್ಲಿ, ಸ್ವೆಟರ್ ಹೆಣೀಲಾ?” ಅಂದ. ಎಮಿಲ್ ಅವನ ಬಟ್ಟಲಿಗೆ ಇನ್ನಷ್ಟು ಕಾಫಿ ಸುರಿದ.

ಮಾರನೆಯ ದಿನ ಹುಲ್ಲು ಕತ್ತರಿಸುವ ಯಂತ್ರ ಮೂರನೇ ಬೇಸ್ ಮುಂದೆ ಬಂದಾಗ ಎಮಿಲ್ ಇಳಿದು ಬ್ಲೇಡನ್ನು ಕಾಲಂಗುಲ ಮೇಲಕ್ಕೆ ಏರಿಸಿದ.

“ಬ್ಲೇಡ್ ತಪ್ಪಾಗಿದೆ ಕಣೋ” ಅಂದೆ ನಾನು.

“ತಪ್ಪಾಗಿಲ್ಲ” ಅಂದ.

ಮುಂದಿನ ನಾಲ್ಕು ವರ್ಷದಲ್ಲೂ ಈ ಬಗ್ಗೆ ನಮ್ಮಿಬ್ಬರ ನಡುವೆ ಆದ ಮಾತುಕತೆ ಅಷ್ಟೇ. ಮುಂದಿನ ವರ್ಷ ಇನ್ನೊಂದು ಕಾಲಂಗುಲ. ಅದರ ಮುಂದಿನ ವರ್ಷ ಅಲ್ಲಿನ ಮಣ್ಣಿಗೆ ನೀರೂ ಹೆಚ್ಚಾಯಿತು. ನಾಲ್ಕನೇ ವರ್ಷಕ್ಕೆ ಮೈದಾನವೆಲ್ಲ ಒಂದಂಗುಲ ಹುಲ್ಲಿದ್ದರೆ ಆ ಒಂದು ತುಂಡಿನಲ್ಲಿ ಎರಡಂಗುಲ, ಅದೂ ದಟ್ಟವಾಗಿ. ಸಿಡಿಲಿನಂತೆ ಬಂದ ಚೆಂಡು ಅಲ್ಲಿಗೆ ಬಂದು ಸುಸ್ತಾಗುತ್ತಿತ್ತು. ಅನ್ಸೆಲ್ಮೊ ಬಾಗುವಷ್ಟರಲ್ಲಿ ಸರಿಯಾಗಿ ಕೈಗೆ ಸಿಗುತ್ತಿತ್ತು. ಮೇಲಿನಿಂದ ನೋಡುವವರಿಗೆ ಕಾಣದಂತೆ ಎಮಿಲ್ ರೋಲರ್ ಓಡಿಸಿ ತಿಳಿ ಪಟ್ಟೆ, ಗಾಢ ಪಟ್ಟೆ ಬರಿಸುತ್ತಿದ್ದ; ಟಿವಿಯವರು ಆಹಾ ಎಂಥ ಸುಂದರ ಮೈದಾನ ಎಂದು ಹೊಗಳುತ್ತಿದ್ದರು. ಅನ್ಸೆಲ್ಮೊಗೆ ಇದೊಂದೂ ಗೊತ್ತಿರಲಿಲ್ಲ. ಪ್ರತಿದಿನ ನಿಲ್ಲುವ ಜಾಗ ವರ್ಷಕ್ಕೆ ಕಾಲಂಗುಲ ಬೆಳೆದರೆ ಯಾರಿಗೆ ತಾನೇ ತಿಳಿಯುತ್ತದೆ? ತನ್ನ ಕಾಲು ವಾಸಿಯಾಯಿತು ಎಂದುಕೊಂಡ.

ಅವನಿಗೆ ಮೂವತ್ತೇಳಾದ ಬೇಸಿಗೆಯಲ್ಲಿ ಊರಿಗೆಲ್ಲ ಒಂದೇ ಮಾತು: ರಿವಾಸ್‌ನನ್ನು ಬೇರೆ ತಂಡಕ್ಕೆ ಕೊಟ್ಟುಬಿಡಬೇಕೋ ಬೇಡವೋ. ತಂಡ ಪಟ್ಟಿಯ ತಳದಲ್ಲಿ ಬಿದ್ದಿತ್ತು. ನಾನು ಮಧ್ಯಾಹ್ನ ಸಾಸೇಜ್ ತಿನ್ನುವ ಅಂಗಡಿಯಲ್ಲಿ ಬಸ್ಸು ಓಡಿಸುವವನೊಬ್ಬ ದಿನವೂ ಕೂಗಾಡುತ್ತಿದ್ದ.

“ಅವನೊಬ್ಬನ ಸಂಬಳದಲ್ಲಿ ಮೂರು ಎಳೇ ಹುಡುಗ್ರು ಬರ್ತಾರೆ ರೀ! ಕೊಟ್ಬಿಡಿ ಅತ್ಲಾಗೆ.”

ಸಾಸೇಜ್ ಸುಡುವ ಹೆಂಗಸು ಇಕ್ಕಳ ಅವನ ಮುಖಕ್ಕೆ ಹಿಡಿದು, “ನಿನ್ ಹೆಂಡ್ತಿನೂ ಹಂಗೇ ಲೆಕ್ಕ ಹಾಕಿದ್ರೆ ನೀನ್ ಯಾವತ್ತೋ ಬೀದೀಲಿ ಇರ್ತಿದ್ದೆ. ಹದಿನೈದು ವರ್ಷ ನಮಗೋಸ್ಕರ ಆಡಿದಾನೆ, ಸುಮ್ನಿರು” ಅಂದಳು.

“ಹದಿನೈದು ವರ್ಷದಲ್ಲಿ ಒಂದ್ ಕಪ್ಪಾದ್ರೂ ತಂದ್ನಾ?”

“ತರೋಕೆ ಅವನೊಬ್ನೇ ಆಡ್ತಾನಾ? ಈರುಳ್ಳಿ ಬೇಕಾ ಬೇಡ್ವಾ ಹೇಳು.”

ನಾನಂತೂ ಒಂದು ದಿನ ಇವನ ಪಕ್ಷ, ಒಂದು ದಿನ ಅವಳ ಪಕ್ಷ. ಊರು ಎಷ್ಟು ಕೂಗಾಡಿದರೂ ಪ್ರಯೋಜನವಿರಲಿಲ್ಲ. ಈ ಆಟದ ಕಟ್ಟಳೆಯಲ್ಲಿ, ಹತ್ತು ವರ್ಷ ಆಡಿ, ಅದರಲ್ಲಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿದ್ದವನನ್ನು ಅವನ ಒಪ್ಪಿಗೆಯಿಲ್ಲದೆ ಯಾರೂ ಎಲ್ಲಿಗೂ ಕಳಿಸುವಂತಿಲ್ಲ. ಅನ್ಸೆಲ್ಮೊ ಟಿವಿಯ ಮುಂದೆಯೇ ಹೇಳಿಬಿಟ್ಟಿದ್ದ: “ಮೂರನೇ ಬೇಸ್ ನಂದು. ನೋಡಿದ್ರಲ್ಲ ಇವತ್ತು ಹೆಂಗ್ ಹಿಡ್ದೆ ಅಂತ! ನಾನ್ ಎಲ್ಲೂ ಹೋಗಲ್ಲ.” ಅದನ್ನು ನೋಡಿದಾಗ ನಾವು ಶೆಡ್ಡಿನಲ್ಲಿದ್ದೆವು. ಎಮಿಲ್ ಮುಖದಲ್ಲಿ ನಗು ಮೂಡಿತು. ಅವನು ನಗುವುದು ಅಪರೂಪ, ಅದಕ್ಕೇ ನನಗೆ ನೆನಪಿದೆ.

ಜುಲೈ ಕೊನೆಯ ಶನಿವಾರ ಬೆಳಿಗ್ಗೆ ಆಫೀಸಿನ ಗ್ರೆಚೆನ್ ಮೈದಾನಕ್ಕೆ ಇಳಿದು ಬಂದಳು. ಅಂಕಿಸಂಖ್ಯೆ ನೋಡುವ ಹುಡುಗಿ, ಇಪ್ಪತ್ತೆಂಟು ಇರಬಹುದು. ಅವಳ ಕೋಣೆಯಿಂದ ಮೈದಾನ ಕಾಣುವುದೂ ಇಲ್ಲ. ಹುಲ್ಲಿನ ಮೇಲೆ ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲಿ ಬಂದಿದ್ದರೆ ಅಲ್ಲೇ ಬೈಯುತ್ತಿದ್ದೆ. ಆದರೆ ಅವಳು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಬಂದಳು. ಬಂದವಳು ನೇರವಾಗಿ ಮೂರನೇ ಬೇಸ್ ಮುಂದೆ ಕುಕ್ಕರಗಾಲಲ್ಲಿ ಕೂತು, ಹುಲ್ಲಿನೊಳಗೆ ಬೆರಳು ಇಳಿಸಿದಳು. ಎರಡನೇ ಗೆಣ್ಣಿನವರೆಗೂ ಮುಳುಗಿತು.

“ಹ್ರುಸ್ಕಾ ಅವರೇ, ಅನ್ಸೆಲ್ಮೊ ಇಲ್ಲಿ ಆಡಿದ್ರೆ ದೇಶದಲ್ಲೇ ಒಳ್ಳೇ ಮೂರನೇ ಬೇಸ್. ಹೊರಗಡೆ ಆಡಿದ್ರೆ ಎಲ್ಲರಿಗಿಂತ ಕಳಪೆ. ಎರಡು ತಿಂಗಳಿಂದ ನನ್ನ ಲೆಕ್ಕ ತಪ್ಪಿರ್ಬೇಕು ಅಂತ ತಲೆ ಕೆಡಿಸ್ಕೊಂಡಿದ್ದೆ.”

“ಹೊರಗಡೆ ಮೈದಾನ ಎಲ್ಲಾ ಸಿಮೆಂಟು” ಅಂದ ಎಮಿಲ್. ಹೊರಗೆ ಚೆಂಡು ತಪ್ಪಿದಾಗಲೆಲ್ಲ ಅನ್ಸೆಲ್ಮೊ ಹೇಳುತ್ತಿದ್ದ ಮಾತು ಅದು.

ಗ್ರೆಚೆನ್ ಎದ್ದು ಕೈ ಒರೆಸಿಕೊಂಡಳು. “ನಾನು ದೂರು ಹೇಳೋಕೆ ಬಂದಿಲ್ಲ. ಒಂದು ವಿಷಯ ನಿಮಗೆ ಗೊತ್ತಿಲ್ಲ ಅನ್ಸುತ್ತೆ, ಅದನ್ನ ಹೇಳೋಕೆ ಬಂದೆ. ಪಶ್ಚಿಮ ತೀರದ ತಂಡ ಅವರನ್ನ ಕೇಳ್ತಿದೆ. ಪಟ್ಟಿಯಲ್ಲಿ ಮೊದಲಿರೋ ತಂಡ. ಮೂರನೇ ಬೇಸ್‌ಗಲ್ಲ, ಬರೀ ಬ್ಯಾಟಿಂಗ್‌ಗೆ; ಚೆಂಡು ಹಿಡಿಯೋಕೆ ಬೇರೆಯವರು ನಿಲ್ತಾರೆ. ಅನ್ಸೆಲ್ಮೊ ಬ್ಯಾಟು ಇನ್ನೂ ಜೀವಂತ ಇದೆ. ಸಂಬಳದಲ್ಲಿ ಅರ್ಧ ಆ ತಂಡದೋರೇ ಕೊಡ್ತಾರೆ, ನಮಗೆ ಇಬ್ಬರು ಹುಡುಗರನ್ನೂ ಕೊಡ್ತಾರೆ. ಅಕ್ಟೋಬರ್‌ನಲ್ಲಿ ಅವರು ಫೈನಲ್ ಆಡೋದು ಹೆಚ್ಚುಕಮ್ಮಿ ಖಾತ್ರಿ. ಅನ್ಸೆಲ್ಮೊಗೆ ಇದು ಕೊನೇ ಅವಕಾಶ. ಅವರು ಮಾತ್ರ, ನಾನು ಮೂರನೇ ಬೇಸ್ ಆಟಗಾರ, ಬರೀ ಬ್ಯಾಟ್ ಬೀಸೋಕೆ ಹೋಗಲ್ಲ ಅಂತಾರೆ. ಯಾಕೆ ಹಾಗನ್ನಿಸಿದೆ ಅವರಿಗೆ?”

ಎಮಿಲ್ ತನ್ನ ಬೂಟು ನೋಡುತ್ತಿದ್ದ.

“ಗುರುವಾರ ಸಂಜೆ ಆರಕ್ಕೆ ಬಾಗಿಲು ಮುಚ್ಚುತ್ತೆ. ಆಮೇಲೆ ಯಾರನ್ನೂ ಕೊಡೋ ಹಾಗಿಲ್ಲ, ತಗೊಳ್ಳೋ ಹಾಗಿಲ್ಲ. ಈ ಹುಲ್ಲಿನ ವಿಷಯ ನಾನು ಯಾರಿಗೂ ಬರೆದು ಕೊಟ್ಟಿಲ್ಲ. ನಾನು ಹೇಳಿದ್ರೆ ಅನ್ಸೆಲ್ಮೊ ನಂಬಲ್ಲ, ಲೆಕ್ಕದ ಹುಡುಗಿ ಏನೋ ಹೇಳ್ತಾಳೆ ಅಂತಾರೆ” ಎಂದು ಚಪ್ಪಲಿ ಹಿಡಿದುಕೊಂಡೇ ಹೊರಟುಹೋದಳು. ಒಳ್ಳೆಯ ಹುಡುಗಿ. ಆಗ ಮಾತ್ರ ನನಗೆ ಅವಳನ್ನು ಕಂಡರೆ ಮೈಯೆಲ್ಲ ಉರಿಯಿತು.

ಆ ಶನಿವಾರ, ಭಾನುವಾರ ಎಮಿಲ್ ಹುಲ್ಲಿನ ತಂಟೆಗೇ ಹೋಗಲಿಲ್ಲ. ಅನ್ಸೆಲ್ಮೊ ಎರಡು ದಿನವೂ ಚೆನ್ನಾಗಿ ಹಿಡಿದ. ಭಾನುವಾರ ಆಟ ಮುಗಿದ ಮೇಲೆ ಅವರ ಮನೆಯಲ್ಲಿ ಊಟಕ್ಕೆ ಕೂತಾಗ ನಾನೇ ಲುಡ್ಮಿಲಾಗೆ ಎಲ್ಲ ಹೇಳಿಬಿಟ್ಟೆ. ನನ್ನ ಹೊಟ್ಟೆಯಲ್ಲಿ ಯಾವ ಮಾತೂ ಎರಡು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ.

ಲುಡ್ಮಿಲಾ ಸೂಪಿನ ಸೌಟು ಕೆಳಗಿಟ್ಟಳು. “ದೇವರು ನಿನಗೆ ಬಾಯಿ ಯಾಕ್ ಕೊಟ್ಟ ಎಮಿಲ್? ಸೂಪ್ ಕುಡಿಯೋಕ್ ಮಾತ್ರಾನಾ? ಹೋಗಿ ಹೇಳು ಆ ಹುಡುಗನಿಗೆ.”

“ಏನಂತ ಹೇಳ್ಲಿ? ನೀನ್ ಹಿಡೀತಿಲ್ಲ, ನನ್ ಹುಲ್ಲು ಹಿಡೀತಿದೆ ಅಂತಲಾ?”

“ಹೂಂ, ಹಂಗೇ ಹೇಳು.”

“ಹೇಳಿದ್ರೆ ಹೋಗ್ಬಿಡ್ತಾನೆ.”

ಇಷ್ಟು ಹೇಳಿ ಎಮಿಲ್ ತಟ್ಟೆ ಸರಿಸಿ ಹಿತ್ತಿಲಿಗೆ ಎದ್ದುಹೋದ. ನಾವಿಬ್ಬರೂ ಹೆಂಗಸರು ಮುಖ ಮುಖ ನೋಡಿಕೊಂಡೆವು. ಅವನಿಗೆ ಅನ್ಸೆಲ್ಮೊನ ಮೇಲೆ ಅಷ್ಟು ಜೀವ ಎಂದು ನನಗೆ ಗೊತ್ತಿತ್ತು, ಆದರೆ ಅವನ ಬಾಯಿಂದ ಕೇಳಿದ್ದು ಅದೇ ಮೊದಲು. ಅದೂ ಆ ಹುಡುಗನಿಗೆ ಹೇಳಬೇಕಾದ್ದನ್ನು ಸೂಪಿನ ತಟ್ಟೆಗೆ ಹೇಳಿ ಹೋಗಿದ್ದ.

ಸೋಮವಾರ ಆಟವಿರಲಿಲ್ಲ. ನಾನು ಆರಕ್ಕೆ ಬರುವ ಹೊತ್ತಿಗೆ ಯಂತ್ರ ಓಡುವ ಸದ್ದು ಕೇಳುತ್ತಿತ್ತು. ಹುಲ್ಲಿಗೆ ಒಂದು ಕಟ್ಟುನಿಟ್ಟಾದ ನಿಯಮವಿದೆ: ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು, ಕತ್ತರಿಸಿದರೆ ಬುಡ ಸುಟ್ಟುಹೋಗುತ್ತದೆ. ಕೆಲಸಕ್ಕೆ ಸೇರಿದ ಪ್ರತಿಯೊಬ್ಬರಿಗೂ ಎಮಿಲ್ ಮೊದಲ ದಿನ ಕಲಿಸುವುದು ಇದನ್ನೇ. ಆ ಬೆಳಿಗ್ಗೆ ಅವನು ಬ್ಲೇಡನ್ನು ಪೂರ್ತಿ ಕೆಳಗಿಳಿಸಿ ಎರಡಂಗುಲದ ಹುಲ್ಲನ್ನು ಒಂದೇ ಏಟಿಗೆ ಅರ್ಧ ಮಾಡಿದ್ದ. ಹಸಿರು ಹೋಗಿ ಆ ತುಂಡೆಲ್ಲ ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ನಾನು ಪೈಪು ತೆಗೆದುಕೊಳ್ಳಲು ಹೋದರೆ, “ಇವತ್ತು ನೀರು ಬೇಡ” ಅಂದ. ನಾನು ಪೈಪು ಸುತ್ತಿಟ್ಟೆ.

ಅನ್ಸೆಲ್ಮೊ ಎಂದಿನಂತೆ ಕೂಗುತ್ತಾ ಬಂದ. ರಜೆಯ ದಿನವೂ ಅವನು ಕಾಫಿ ತಪ್ಪಿಸುತ್ತಿರಲಿಲ್ಲ. ಎಮಿಲ್ ಅವನ ಕೈಗವಸು ಮುಂದೆ ಹಿಡಿದು, ತಾನೊಂದು ತೆಳ್ಳನೆಯ ಬ್ಯಾಟು ಎತ್ತಿಕೊಂಡ.

“ಏನ್ ಮುದುಕಪ್ಪಾ, ಈ ವಯಸ್ಸಲ್ಲಿ ಟೀಮ್ ಸೇರ್ತೀಯಾ?”

“ನಿಂತ್ಕೋ ಹೋಗು. ನಾಲ್ಕು ಹೊಡೀತೀನಿ.”

ಅರವತ್ತಮೂರರ ಮುದುಕ ಹೊಡೆದ ಚೆಂಡು ಎಷ್ಟು ಜೋರಿದ್ದೀತು? ಆದರೆ ಮೊದಲನೆಯದೇ ಬೋಳು ನೆಲದ ಮೇಲೆ ಸುಯ್ಯನೆ ಹೋಗಿ ಅನ್ಸೆಲ್ಮೊನ ಎಡಗಾಲಿನ ಪಕ್ಕದಿಂದ ದಾಟಿತು. ಅವನು ನಕ್ಕ, “ಇನ್ನೂ ಕಣ್ಣು ಬಿಟ್ಟಿಲ್ಲ, ತಡಿ” ಅಂದ. ಎರಡನೆಯದು ದಾಟಿತು. ಮೂರನೆಯದಕ್ಕೆ ಅವನು ಬಿದ್ದು ಹಿಡಿಯಲು ಹೋದ, ಚೆಂಡು ಕೈಗವಸಿನ ಅಂಚಿಗೆ ತಾಗಿ ಹೋಯಿತು. ನಾಲ್ಕನೆಯದಕ್ಕೆ ಅವನು ನಗುತ್ತಿರಲಿಲ್ಲ. ಐದನೆಯದು ದಾಟಿದ ಮೇಲೆ ಅವನು ಕೆಳಗೆ ನೋಡಿದ. ಮುಂದೆ ಬಂದು, ಕೈಗವಸು ಕಳಚಿ, ಹುಲ್ಲಿನ ಮೇಲೆ ಅಂಗೈ ಆಡಿಸಿದ. ಪಕ್ಕದ ಹುಲ್ಲಿನ ಮೇಲೂ ಆಡಿಸಿದ. ಗುಡಿಸದೆ ಬಿಟ್ಟಿದ್ದ ಕತ್ತರಿಸಿದ ಹುಲ್ಲನ್ನು ಒಂದು ಹಿಡಿ ಎತ್ತಿ ಉದ್ದ ನೋಡಿದ. ಅವನೇನು ದಡ್ಡನಲ್ಲ, ಹದಿನೈದು ವರ್ಷ ನಮ್ಮ ಜೊತೆ ಮಣ್ಣು ಹರಗಿದವನು.

“ಎಷ್ಟು ದಿನದಿಂದ?” ಎಂದು ಕೇಳಿದ.

“ನಾಲ್ಕು ವರ್ಷ” ಅಂದ ಎಮಿಲ್.

“ನಾಲ್ಕ್ ವರ್ಷ!” ಅವನ ದನಿ ಏರಲಿಲ್ಲ, ಅದಕ್ಕೇ ನನಗೆ ಭಯವಾದದ್ದು. “ನಾಲ್ಕ್ ವರ್ಷದಿಂದ ನಾನು ಟಿವಿ ಮುಂದೆ ನಿಂತು ಎದೆ ತಟ್ಕೋತಿದೀನಿ. ನೀವಿಬ್ರೂ ಶೆಡ್ಡಲ್ಲಿ ಕೂತು ನೋಡ್ತಿದ್ರಿ. ಒಳಗೊಳಗೇ ನಗ್ತಿದ್ರಾ?”

“ಯಾರೂ ನಗ್ಲಿಲ್ಲ ಕಣೋ” ಅಂದೆ ನಾನು.

“ನೀನ್ ಸುಮ್ನಿರು ಕಾರ್ಮೆಲಾ, ನೀರು ಬಿಟ್ಟೋಳು ನೀನೇ ಅಲ್ವಾ?” ಸರಿಯಾಗೇ ಹೇಳಿದ. ಅವನು ಎಮಿಲ್ ಕಡೆ ತಿರುಗಿ, “ನಾನ್ ಕೇಳಿದ್ನಾ ನಿನ್ನ? ಒಂದ್ ದಿನ ಆದ್ರೂ ಕೇಳಿದ್ನಾ? ಹೇಳಿದ್ರೆ ನಾನು ಆವತ್ತೇ ಬೇರೆ ದಾರಿ ನೋಡ್ಕೋತಿದ್ದೆ, ಕಾಲಲ್ಲಿ ಶಕ್ತಿ ಇದ್ದಾಗ್ಲೇ” ಅಂದ.

ಎಮಿಲ್ ಬಾಯಿ ತೆರೆದ. ಮನಸ್ಸಿನಲ್ಲಿರುವುದನ್ನು ಈಗಲಾದರೂ ಹೇಳಲಿ ಎಂದು ನಾನು ಕಾದೆ. ಅವನು, “ಪಶ್ಚಿಮದೋರು ಬ್ಯಾಟಿಂಗ್‌ಗೆ ಕೇಳ್ತಿದಾರಂತೆ. ಹೋಗು” ಅಂದ.

ಆ ಗಳಿಗೆಯಲ್ಲಿ ಅವನ ಕೈಯಲ್ಲಿದ್ದ ಬ್ಯಾಟು ಕಿತ್ತುಕೊಂಡು ಅವನಿಗೇ ಎರಡು ಬಾರಿಸೋಣ ಅನ್ನಿಸಿತು ನನಗೆ. ಅನ್ಸೆಲ್ಮೊ ಕೈಗವಸು ಹುಲ್ಲಿನ ಮೇಲೇ ಬಿಟ್ಟು ನಡೆದುಬಿಟ್ಟ. ಕಾಫಿಯ ಬಟ್ಟಲು ಶೆಡ್ಡಿನಲ್ಲಿ ತಣ್ಣಗಾಯಿತು.

ಬುಧವಾರ ಅವನು ಒಪ್ಪಿಗೆಗೆ ಸಹಿ ಹಾಕಿದ. ಗುರುವಾರ ಬೆಳಿಗ್ಗೆ ಎಲ್ಲರನ್ನೂ ಬೀಳ್ಕೊಂಡ ಎಂದು ಕೇಳಿದೆವು. ಬಟ್ಟೆ ಒಗೆಯುವವರಿಂದ ಹಿಡಿದು ಗೇಟಿನ ಕಾವಲುಗಾರರವರೆಗೆ ಒಬ್ಬೊಬ್ಬರನ್ನೂ ಅಪ್ಪಿಕೊಂಡನಂತೆ. ಶೆಡ್ಡಿಗೆ ಬರಲಿಲ್ಲ. ಎಮಿಲ್ ಐದೂವರೆಗೇ ಬಂದು, ಕೈಗವಸಿಗೆ ಎಣ್ಣೆ ಒರೆಸಿ ಮೇಜಿನ ಮೇಲಿಟ್ಟುಕೊಂಡು ಕೂತಿದ್ದ. ವಿಮಾನ ಹನ್ನೊಂದಕ್ಕೆ ಎಂದು ಗೊತ್ತಿತ್ತು. ಹನ್ನೊಂದೂಕಾಲಿಗೆ ಎದ್ದು ಹೊರಗೆ ಹೋಗಿ ಕೆಲಸ ಶುರುಮಾಡಿದ. ಕೈಗವಸನ್ನು ನಾನೇ ಪೊಟ್ಟಣ ಕಟ್ಟಿ ಪಶ್ಚಿಮಕ್ಕೆ ಕಳಿಸಿದೆ. ತಲುಪಿತು ಎಂದು ಒಂದು ಮಾತೂ ಬರಲಿಲ್ಲ.

ಊರಿನ ಲೆಕ್ಕದಲ್ಲಿ ಎಲ್ಲ ಸರಿಹೋಯಿತು. ಬಂದ ಹುಡುಗರಲ್ಲಿ ಒಬ್ಬ ಮೂರನೇ ಬೇಸ್‌ನಲ್ಲಿ ನಿಂತ, ಜಿಂಕೆಯಂಥ ಕಾಲು, ಅವನಿಗೆ ಒಂದಂಗುಲದ ಹುಲ್ಲೇ ಸಾಕು. ಬಸ್ಸು ಓಡಿಸುವವನು ತಾನೇ ಈ ಅದಲುಬದಲು ಮಾಡಿಸಿದವನಂತೆ ಬೀಗಿದ. ಸಾಸೇಜಿನ ಹೆಂಗಸು ಒಂದು ವಾರ ಅವನಿಗೆ ಈರುಳ್ಳಿ ಹಾಕಲಿಲ್ಲ. ಎಮಿಲ್ ಮಾತ್ರ ಸೊರಗಿದ. ಕೆಲಸದಲ್ಲಿ ಲೋಪವಿಲ್ಲ, ಆದರೆ ಬೆಳಿಗ್ಗೆ ಆರಕ್ಕೆ ಬಾಗಿಲ ಕಡೆ ಒಂದು ಸಲ ನೋಡುವುದು ತಪ್ಪಲಿಲ್ಲ. ನಾನೂ ನೋಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

“ಫೋನ್ ಮಾಡೋ” ಎಂದು ನಾನು ನೂರು ಸಲ ಹೇಳಿರಬೇಕು.

“ಅವನ ಕೋಪ ಇಳೀಲಿ” ಅನ್ನುತ್ತಿದ್ದ.

“ಇಳಿಯೋ ಹೊತ್ತಿಗೆ ನೀನ್ ಇರ್ತೀಯಾ?” ಎಂದರೆ ಕುಂಟೆ ಎತ್ತಿಕೊಂಡು ಹೊರಗೆ ಹೋಗಿಬಿಡುತ್ತಿದ್ದ.

ಅಕ್ಟೋಬರ್‌ನಲ್ಲಿ ಪಶ್ಚಿಮದವರು ಫೈನಲ್‌ಗೆ ಬಂದರು. ಏಳು ಆಟದ ಸರಣಿ, ಏಳನೆಯದರವರೆಗೂ ಎಳೆಯಿತು. ಲುಡ್ಮಿಲಾ, ಎಮಿಲ್, ನಾನು ಅವರ ಮನೆಯಲ್ಲಿ ಕೂತು ನೋಡಿದೆವು. ಅನ್ಸೆಲ್ಮೊ ಸರಣಿಯಲ್ಲಿ ಚೆನ್ನಾಗಿ ಹೊಡೆದಿದ್ದ, ಒಂದು ಆಟವನ್ನು ಒಬ್ಬನೇ ಗೆಲ್ಲಿಸಿದ್ದ. ಕೊನೆಯ ಆಟದಲ್ಲಿ, ಒಂದು ರನ್ನು ಹಿಂದಿದ್ದಾಗ, ಕೊನೆಗೆ ಬ್ಯಾಟು ಹಿಡಿದು ಬಂದವನು ಅವನೇ. ಹೊಡೆದ ಚೆಂಡು ಬಹಳ ದೂರ ಹೋಗಿ, ಗೋಡೆಯ ಹತ್ತಿರ ಎದುರಾಳಿಯ ಕೈಗೆ ಬಿತ್ತು. ಆಟ ಮುಗಿಯಿತು. ಕಪ್ಪು ಹೋಯಿತು. ಕ್ಯಾಮೆರಾ ಅವನ ಮುಖ ತೋರಿಸಿತು. ಎಮಿಲ್ ಎದ್ದು ಟಿವಿ ಆರಿಸಿದ. “ನಾನು ಕಳಿಸಿದ್ದು ಇದಕ್ಕಾ?” ಎಂದು ಯಾರನ್ನೋ ಕೇಳಿದ. ಲುಡ್ಮಿಲಾ ಅವನ ಬೆನ್ನ ಮೇಲೆ ಕೈಯಿಟ್ಟಳು.

ಮೂರು ದಿನದ ಮೇಲೆ, ಬೆಳಿಗ್ಗೆ ಹತ್ತರ ಹೊತ್ತು, ನಾವು ಚಳಿಗಾಲಕ್ಕೆ ಮುಂಚೆ ಮೈದಾನಕ್ಕೆ ಬೀಜ ಎರಚುತ್ತಿದ್ದೆವು. ಸುಟ್ಟುಹೋಗಿದ್ದ ತುಂಡು ಪೂರ್ತಿ ಚೇತರಿಸಿಕೊಂಡಿರಲಿಲ್ಲ. ಶೆಡ್ಡಿನಲ್ಲಿ ಫೋನು ರಿಂಗಾಯಿತು. ನಾನು ಎತ್ತಿಕೊಂಡೆ.

“ಮುದುಕಪ್ಪ ಇದಾನಾ?” ಎಂದು ಆ ಕಡೆಯ ದನಿ ಕೇಳಿತು.

ನಾನು ಬಾಗಿಲಿಗೆ ಬಂದು ಕಿರುಚಿದೆ. ಎಮಿಲ್ ಬೀಜದ ಚೀಲ ಅಲ್ಲೇ ಹಾಕಿ ಓಡಿ ಬಂದ. ಅವನು ಓಡಿದ್ದನ್ನು ನಾನು ನೋಡಿರಲೇ ಇಲ್ಲ. ಅವನ ಕೈಗೆ ಮಣ್ಣಾಗಿದ್ದರಿಂದ ನಾನೇ ಸ್ಪೀಕರ್ ಒತ್ತಿದೆ. ಕೇಳಬೇಕು ಎಂಬ ಚಪಲವೂ ಇತ್ತು ಎನ್ನಿ.

“ಸೋತೆ” ಅಂದ ಅನ್ಸೆಲ್ಮೊ.

“ನೋಡ್ದೆ. ಗಾಳಿ ಇಲ್ದಿದ್ರೆ ಆಚೆ ಹೋಗ್ತಿತ್ತು.”

“ಗಾಳಿ ಇರ್ಲಿಲ್ಲ. ಸುಳ್ಳು ಹೇಳ್ಬೇಡ, ಇನ್ನು ಸಾಕು.”

ಮೂರು ತಿಂಗಳ ನಂತರ ಫೋನು ಮಾಡಿ ಇಬ್ಬರೂ ಸುಮ್ಮನೆ ಕೂತರೆ ನಾನು ಸತ್ತೇ ಹೋಗುತ್ತೇನೆ ಅನ್ನಿಸಿತು.

“ಒಂದ್ ಕೇಳ್ತೀನಿ, ನೆಟ್ಟಗೆ ಹೇಳು” ಅಂದ ಅನ್ಸೆಲ್ಮೊ. “ವಿಮಾನದಲ್ಲಿ ಕೂತಾಗಿಂದ ಇದನ್ನೇ ಯೋಚನೆ ಮಾಡ್ತಿದೀನಿ. ಆವತ್ತು ಹೋಗು ಅಂದ್ಯಲ್ಲ. ನಾಲ್ಕ್ ವರ್ಷ ನನ್ನ ಹೊತ್ತು ಸಾಕಾಗಿ, ತೊಲಗಲಿ ಅಂತ ಅಂದ್ಯಾ? ನಾನು ಹೋಗ್ಲಿ ಅಂತ ನಿನಗೆ ಇತ್ತಾ?”

ಎಮಿಲ್ ಫೋನಿನ ಪಕ್ಕ ಎರಡೂ ಕೈ ಊರಿದ. ನಾನು ಬಾಯಿ ಹಾಕಲು ಹೋದವಳು ತುಟಿ ಕಚ್ಚಿಕೊಂಡೆ. ಇದನ್ನು ನಾನು ಹೇಳಿದರೆ ಪ್ರಯೋಜನವಿರಲಿಲ್ಲ.

“ಇರ್ಲಿಲ್ಲ” ಅಂದ ಎಮಿಲ್. ಫೋನಿಗೆ ಇನ್ನಷ್ಟು ಬಾಗಿ ಮತ್ತೆ ಹೇಳಿದ: “ಒಂದ್ ದಿನಕ್ಕೂ ಇರ್ಲಿಲ್ಲ ಮಗಾ. ನೀನು ಇಲ್ಲೇ ಇರ್ಲಿ ಅಂತಾನೇ ಹುಲ್ಲು ಬಿಟ್ಟೆ. ಬಾಯಲ್ಲಿ ಹೇಳೋಕೆ ನನಗೆ ಬರಲ್ಲ. ನೀನಿಲ್ದೆ ಬೆಳಿಗ್ಗೆ ಹೊತ್ತೇ ಹೋಗಲ್ಲ.”

ಆ ಕಡೆ ಅನ್ಸೆಲ್ಮೊ ಮೂಗೆಳೆದುಕೊಂಡ ಸದ್ದು ಕೇಳಿಸಿತು. ಆಮೇಲೆ, “ಇಷ್ಟು ಹೇಳೋಕೆ ಹದಿನೈದ್ ವರ್ಷ ಬೇಕಾಯ್ತಾ ನಿನಗೆ?” ಅಂದ.

ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಬೀಜದ ಚೀಲ ಎತ್ತಿಕೊಂಡು ಉಳಿದ ಜಾಗಕ್ಕೆಲ್ಲ ಒಬ್ಬಳೇ ಎರಚಿ ಮುಗಿಸಿದೆ. ಅಷ್ಟು ದೊಡ್ಡ ಮೈದಾನ, ಒಂದು ಗಂಟೆಯೇ ಹಿಡಿಯಿತು. ಮುಗಿಸಿ ಬಂದಾಗಲೂ ಶೆಡ್ಡಿನೊಳಗಿನಿಂದ ಎಮಿಲ್ ದನಿ ಕೇಳುತ್ತಲೇ ಇತ್ತು.